ನಮ್ಮ ದೆವ್ವದ ನಾಟಕವನ್ನು ದಡ ಸೇರಿಸಿದವರಿಗೆ

ಹೋದ ಭಾನುವಾರ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ನಮ್ಮ ನಾಟಕದ ಮೂರನೇ ಪ್ರದರ್ಶನ ಮುಗಿಯಿತು. ಕೊನೆಯಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳೋಣ ಅಂತ ಮೈಕ್ ಹಿಡಿದೆ. ಗಂಟಲು ಕಟ್ಟಿತು. ಹೇಳಬೇಕಾದವರಲ್ಲಿ ಅರ್ಧ ಜನಕ್ಕೂ ಹೇಳಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಾಟಕ ನೋಡದವರಿಗೆ ಎರಡು ಮಾತು. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲೂ ಸುತ್ತಲಿನ ಊರುಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನೆನಪಿದೆಯಾ? ರಾತ್ರಿ ದೆವ್ವ ಬಂದು ನಮಗೆ ಗೊತ್ತಿರುವವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗೀತು, ಬರಹ ಓದಿದರೆ ಮಾತ್ರ ಸುಮ್ನೆ ವಾಪಸ್ ಹೋಗುತ್ತದೆ ಅನ್ನೋರು. ನಮ್ಮಮ್ಮ ಸೀಮೆಸುಣ್ಣದಲ್ಲಿ ಬರೆಯುವಾಗ ಸ್ಟೂಲ್ ಹಿಡಿದುಕೊಂಡಿದ್ದವನು ನಾನು. ಹೀಗೆ ದಿನಾ ವಾಪಸ್ ಹೋಗುವವಳು ಮಳೆ ಬಂದರೆ ಎಲ್ಲಿ ನಿಲ್ಲುತ್ತಾಳೆ ಅನ್ನೋ ಯೋಚನೆ ಆಗ ಹೊಕ್ಕಿದ್ದು ಹೋಗಲೇ ಇಲ್ಲ. ನಾಟಕದಲ್ಲಿ ಅವಳು ಮೂವತ್ತು ವರ್ಷ ಬಾಗಿಲು ಬಾಗಿಲು ಅಲೆದು ಒಂದು ಅಪಾರ್ಟ್‌ಮೆಂಟಿಗೆ ಬರುತ್ತಾಳೆ. ಅಲ್ಲಿ ಬಾಗಿಲ ಮೇಲೆ ಏನೂ ಬರೆದಿಲ್ಲ. ಅಲ್ಲಿಂದ ನಗು ಶುರು. ಹನ್ನೊಂದು ಹಾಡು, ಎಲ್ಲವೂ ಹೊಸವು, ಎಲ್ಲವನ್ನೂ ವೇದಿಕೆ ಮೇಲೇ ಹಾಡಿದ್ದು.

ಹಾಡುಗಳಿಗೆ ಟ್ರ್ಯಾಕ್ ಮಾಡಿಸೋಣ ಅಂತಲೇ ಮೊದಲು ಅಂದುಕೊಂಡಿದ್ದೆವು. ಬೇಡ ಅಂದಿದ್ದು ನಮ್ಮ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮೇಷ್ಟ್ರು. “ಜನ ನಕ್ಕರೆ ಟ್ರ್ಯಾಕ್ ಕಾಯಲ್ಲ ಕಣಪ್ಪ, ನಾನು ಕಾಯ್ತೀನಿ” ಅಂದರು. ಕಂಪನಿ ನಾಟಕದ ಪೇಟಿಯವರು ನಟನ ಮುಖ ನೋಡಿಕೊಂಡೇ ನುಡಿಸುತ್ತಿದ್ದರಲ್ಲ, ಆ ಪಾಠ ಅವರದು. ಎರಡನೇ ಪ್ರದರ್ಶನದಲ್ಲಿ ಜನ ನಗು ನಿಲ್ಲಿಸಲೇ ಇಲ್ಲ. ಮೇಷ್ಟ್ರು ಒಂದೇ ಸ್ವರ ಹಿಡಿದು, ತಿದಿ ಒತ್ತುತ್ತಾ, ಅಷ್ಟೂ ಹೊತ್ತು ಕಾದರು. ನಗು ತಗ್ಗಿದ ಮೇಲೆ ಕಣ್ಣಲ್ಲೇ ಸನ್ನೆ ಮಾಡಿದರು. ಹಾಡು ಎದ್ದಿತು.

ಅದರ ಹಿಂದಿನ ರಾತ್ರಿ ಆ ಪೇಟಿಯ ಒಂದು ಮನೆ, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿ, ಒತ್ತಿದರೆ ಮೇಲೇಳುತ್ತಿರಲಿಲ್ಲ. ಮಳೆಯ ಥಂಡಿಗೆ ಮರ ಉಬ್ಬಿತ್ತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಪೇಪರ್ ಹಾಸಿ, ಮನೆಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿದರು. ಉಬ್ಬಿದ್ದರ ಪಕ್ಕಕ್ಕೆ ಉಪ್ಪುಕಾಗದ ಉಜ್ಜುವುದು, ಕೂರಿಸಿ ನೋಡುವುದು, ಮತ್ತೆ ತೆಗೆದು ಉಜ್ಜುವುದು. ರಾತ್ರಿ ಒಂದೂವರೆವರೆಗೆ. ಮೇಷ್ಟ್ರೇ, ನಿಮ್ಮ ಕಾಲಿಗೆ ಬಿದ್ದರೆ ಬೈತೀರಿ. ಇಲ್ಲಿಂದಲೇ ನಮಸ್ಕಾರ.

ಇನ್ನು ಆ ಒಂಬತ್ತು ದಿನ. ಮೊದಲ ಪ್ರದರ್ಶನಕ್ಕೆ ಅಷ್ಟೇ ಉಳಿದಿದ್ದಾಗ ದೆವ್ವದ ಪಾತ್ರದ ಹುಡುಗಿಗೆ ಡೆಂಗಿ ಅಂತ ಗೊತ್ತಾಯಿತು. ಪ್ಲೇಟ್‌ಲೆಟ್ ಇಳಿಯುತ್ತಿತ್ತು. ನಾಟಕ ಹಾಳಾಗಲಿ, ಮಗು ಹುಷಾರಾದರೆ ಸಾಕು ಅನ್ನಿಸಿತು. ಆಗ ಪ್ರಾಂಪ್ಟ್ ಮಾಡುತ್ತಿದ್ದ ಹುಡುಗಿ ಬಂದು, “ಸರ್, ಮಾತೆಲ್ಲ ಬಾಯಿಗೆ ಬರುತ್ತೆ, ನಾನು ನಿಂತ್ಕೊಳ್ಳಲಾ?” ಅಂದಳು. ಒಮ್ಮೆಯೂ ವೇದಿಕೆ ಹತ್ತಿದವಳಲ್ಲ. ಐದೂವರೆ ಮನೆಯಷ್ಟು ಎತ್ತರದ ಶ್ರುತಿಯ ಹಾಡುಗಳು ಅವಳ ದನಿಗೆ ಮೇಲಾದವು. ಮೇಷ್ಟ್ರು ಎಲ್ಲವನ್ನೂ ನಾಲ್ಕು ಮನೆಗೆ ಇಳಿಸಿದರು. ಮೇಳದವರು ಹನ್ನೊಂದು ಹಾಡನ್ನೂ ಮತ್ತೆ ಮೊದಲಿಂದ ಕಲಿತರು. ಒಬ್ಬರಾದರೂ ಗೊಣಗಬೇಕಲ್ಲ? ಇಲ್ಲ. ಟೈಲರ್ ಅಕ್ಕ ಒಂದೇ ರಾತ್ರಿಯಲ್ಲಿ ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿದುಕೊಟ್ಟರು.

ಮೊದಲ ದಿನ ಸೈಡ್ ವಿಂಗಲ್ಲಿ ನಿಂತು ಅವಳ ಕೈ ನೋಡುತ್ತಿದ್ದೆ. ಬೆರಳು ನಡುಗುತ್ತಿತ್ತು. ಬಾಗಿಲ ಹತ್ತಿರ ಬಂದು, ಬರಹ ಹುಡುಕಿ, ಏನೂ ಇಲ್ಲದ ಹಲಗೆ ಮೇಲೆ ಆ ನಡುಗುವ ಬೆರಳನ್ನೇ ಆಡಿಸಿದಳು. ನಾನು ಹೇಳಿಕೊಟ್ಟಿದ್ದಲ್ಲ ಅದು. ಸಭೆ ಪೂರ್ತಿ ಸದ್ದಡಗಿತು. ಕಾಮಿಡಿ ನಾಟಕದಲ್ಲಿ ಅಂಥ ಮೌನ ಸಿಗುವುದು ಅಪರೂಪ, ಅಲ್ವಾ?

ಕಾಯಿಲೆಯ ಹುಡುಗಿ ಈಗ ಹುಷಾರಾಗಿದ್ದಾಳೆ. ಮೂರನೇ ಪ್ರದರ್ಶನಕ್ಕೆ ಬಂದಳು. ಕುಣಿಯುವ ಶಕ್ತಿ ಇನ್ನೂ ಬಂದಿರಲಿಲ್ಲ. ಪೇಟಿ ಪಕ್ಕ ಮೇಳದಲ್ಲಿ ಕೂತು ಕೊನೆಯ ಹಾಡಿಗೆ ದನಿ ಸೇರಿಸಿದಳು. ನನ್ನ ಗಂಟಲು ಕಟ್ಟಿದ್ದು ಅದಕ್ಕೇ.

ದೆವ್ವದ ಗೆಜ್ಜೆ ಸದ್ದಿಗೆ ಗೆಜ್ಜೆಯೇ ಬೇಡ ಅಂತ ಒಣಗಿದ ಸೋರೆಬುರುಡೆಗೆ ಹುಣಸೆಬೀಜ ತುಂಬಿ ಅಲ್ಲಾಡಿಸಿದ ಹುಡುಗರಿಗೆ ಥ್ಯಾಂಕ್ಸ್. ಕೈಗೆ ಸಿಕ್ಕಿದ್ದರಲ್ಲಿ ನಾದ ಹುಡುಕುವ ಈ ದಾರಿಯನ್ನು ನಮ್ಮ ರಂಗಸಂಗೀತಕ್ಕೆ ನಾಟಕ ನಿರ್ದೇಶಕ ಬಿ.ವಿ. ಕಾರಂತರು ತೋರಿಸಿಕೊಟ್ಟರು, ಅವರನ್ನೂ ನೆನೆಯುತ್ತೇನೆ. ಮಿಣಮಿಣ ಲೈಟು ಬೇಡ ಅಂತ ಹಟ ಹಿಡಿದು, ನೀಲಿ ಬೆಳಕನ್ನು ಬೇಕಾದಷ್ಟು ನಿಧಾನಕ್ಕೆ ಏರಿಸಿದ ಲೈಟಿಂಗ್ ಅಣ್ಣನಿಗೆ, ನಾಲ್ಕು ತಿಂಗಳು ತಾಲೀಮಿಗೆ ತಾರಸಿ ಬಿಟ್ಟುಕೊಟ್ಟ ಮನೆಯವರಿಗೆ, ರಾತ್ರಿ ಹತ್ತರವರೆಗೆ ನಮ್ಮ ಕೂಗಾಟ ಸಹಿಸಿಕೊಂಡ ಅಕ್ಕಪಕ್ಕದವರಿಗೆ, ದುಡ್ಡು ಕೊಟ್ಟು ಟಿಕೆಟ್ ತಗೊಂಡ ನಿಮಗೆಲ್ಲರಿಗೂ.

ಪ್ರದರ್ಶನದ ನಂತರ ಒಬ್ಬ ಅಜ್ಜಿ ಗ್ರೀನ್ ರೂಮಿಗೆ ಬಂದು, ಬಿಳಿ ಬಣ್ಣ ಒರೆಸಿಕೊಳ್ಳುತ್ತಿದ್ದ ನಮ್ಮ ದೆವ್ವದ ಗಲ್ಲ ಹಿಡಿದು, “ಊಟ ಮಾಡಿದ್ಯೇನಮ್ಮಾ?” ಅಂದರು. ಅಜ್ಜಿ, ನೀವು ಯಾರೋ ಗೊತ್ತಿಲ್ಲ. ಅವಳು ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾಳೆ.

ತಾಲೀಮಿಗೆ ಊಟ ಕಳಿಸಿದ ಯಾರದ್ದೋ ನಾಲ್ಕು ಡಬ್ಬಿಯ ಕ್ಯಾರಿಯರ್ ನಮ್ಮಲ್ಲೇ ಉಳಿದಿದೆ. ಮುಚ್ಚಳದ ಮೇಲೆ ಕೆಂಪು ನೇಲ್ ಪಾಲಿಷ್ ಗುರುತಿದೆ. ತೊಳೆದಿಟ್ಟಿದ್ದೇವೆ. ನಿಮ್ಮದಾದರೆ ತಿಳಿಸಿ, ನಾನೇ ತಂದುಕೊಡುತ್ತೇನೆ.