ಈ ವರ್ಷದ ಬದಲಾವಣೆಗಳ ಬಗ್ಗೆ ಪೋಷಕರಿಗೆ ಪತ್ರ

ರಾಯಚೂರು

ಪ್ರೀತಿಯ ಪೋಷಕರೆ,

ನಮಸ್ಕಾರ. ರಜೆ ಮುಗಿಸಿ ಮಕ್ಕಳು ವಾಪಸ್ ಬಂದಿದ್ದಾರೆ. ನಮ್ಮೂರಿನ ಬಿಸಿಲು ಮಾತ್ರ ಇನ್ನೂ ರಜೆಗೆ ಹೋಗಿಲ್ಲ. ನೀರಿನ ಬಾಟಲಿ ಮರೆಯದೆ ಕಳಿಸಿ.

ಈ ವರ್ಷ ಶಾಲೆಯಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಸುದ್ದಿ ನಮಗಿಂತ ಮೊದಲೇ ಊರು ಸುತ್ತಿ ಬಂದಿದೆ. ‘ಕಾನ್ವೆಂಟ್ ಈಗ ಕನ್ನಡ ಮೀಡಿಯಂ ಅಂತೆ’, ‘ಸಿಸ್ಟರ್ ಇನ್ಮೇಲೆ ಯಾರನ್ನೂ ಗದರಿಸಲ್ಲವಂತೆ, ಹುಡುಗರು ಕೆಟ್ಟು ಹೋಗ್ತಾರೆ’ ಅಂತೆಲ್ಲ ಗೇಟಿನ ಹತ್ತಿರ ನಡೆದ ಮಾತು ನನ್ನ ಕಿವಿಗೂ ಬಿದ್ದಿದೆ. ಹಾಗಾಗಿ ಪತ್ರ ಸ್ವಲ್ಪ ಉದ್ದ. ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಭಾಷೆಯ ವಿಷಯ. ಮಾಧ್ಯಮ ಬದಲಾಗಿಲ್ಲ. ಪುಸ್ತಕ ಇಂಗ್ಲಿಷಿನವೇ, ಪರೀಕ್ಷೆಯೂ ಇಂಗ್ಲಿಷಿನಲ್ಲೇ. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಪ್ರಾಥಮಿಕ ಶಾಲೆಗಳನ್ನು ಒತ್ತಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಅಂದರೆ ಕಲಿಸುವ ರೀತಿಯಲ್ಲಿ ಈಗ ಮಾಡಿರುವ ಬದಲಾವಣೆ ಯಾರೋ ಹೇರಿದ್ದಲ್ಲ, ನಾವೇ ಕೂತು ಯೋಚಿಸಿ ಮಾಡಿದ್ದು. ಒಂದರಿಂದ ಐದನೇ ತರಗತಿವರೆಗೆ ಗಣಿತ ಮತ್ತು ಪರಿಸರ ಪಾಠದಲ್ಲಿ ಹೊಸ ವಿಷಯ ಮೊದಲು ಕನ್ನಡದಲ್ಲಿ ಬರುತ್ತದೆ. ಮಕ್ಕಳು ಅದರ ಬಗ್ಗೆ ಮಾತಾಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಬೇಕಾದರೆ ಜಗಳವನ್ನೂ ಆಡುತ್ತಾರೆ. ಆಮೇಲೆ ಅದೇ ವಿಷಯ ಇಂಗ್ಲಿಷಿನಲ್ಲಿ. ಉತ್ತರ ಬರೆಯುವಾಗ ಗೈಡ್ ನೋಡಿ ಇಳಿಸುವಂತಿಲ್ಲ. ಎರಡೇ ಸಾಲಾದರೂ ಸ್ವಂತದ್ದಾಗಿರಬೇಕು. ಅದರಲ್ಲಿ ತಪ್ಪು ಜಾಸ್ತಿ ಇರುತ್ತದೆ, ಇರಲಿ. ಎಲ್ಲ ತಪ್ಪಿಗೂ ಕೆಂಪು ಗೆರೆ ಬಿದ್ದಿಲ್ಲ ಅಂದ ಮಾತ್ರಕ್ಕೆ ಟೀಚರ್ ನೋಡಿಲ್ಲ ಅಂದುಕೊಳ್ಳಬೇಡಿ.

ಯಾಕೆ ಹೀಗೆ ಅಂತ ಕೇಳುತ್ತೀರಿ. ಕಳೆದ ವರ್ಷ ಐದನೇ ತರಗತಿಯಲ್ಲಿ ಕೂತಿದ್ದೆ. ಇವಾಪೊರೇಷನ್ ಅಂದರೇನು ಎಂದು ಟೀಚರ್ ಕೇಳಿದರು. ಹುಡುಗಿಯೊಬ್ಬಳು ಎದ್ದು ನಿಂತು ಪುಸ್ತಕದ ಸಾಲನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಸರಿ, ಹಾಗಾದರೆ ಮಳೆಗಾಲದಲ್ಲಿ ಬಟ್ಟೆ ಯಾಕೆ ಬೇಗ ಒಣಗಲ್ಲ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಸುಮ್ನೆ ನಿಂತಳು. ಅದೇ ಪ್ರಶ್ನೆ ಕನ್ನಡದಲ್ಲಿ ಕೇಳಿದೆ. “ಈಗ ಬಿಸಿಲು ಭಾಳ ಐತ್ರಿ ಸಿಸ್ಟರ್, ನೀರು ಆವಿ ಆಗಿ ಹೋಗ್ತೈತಿ. ಗಾಳಿ ಬಿಟ್ರ ಇನ್ನೂ ಜಲ್ದಿ ಒಣಗ್ತಾವು. ಮಳಿಗಾಲದಾಗ ಗಾಳೀನ ಹಸಿ ಇರ್ತೈತಿ, ಇನ್ನೆಲ್ಲಿ ಒಣಗ್ತಾವ್ರಿ?” ಅಂದಳು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ನೀರು ಆವಿಯಾಗುವುದು ನಿಧಾನ ಅನ್ನುವುದು ಆ ಪಾಠದಲ್ಲಿ ಇರಲೇ ಇಲ್ಲ. ಅವಳು ಮಾಳಿಗೆ ಮೇಲೆ ಬಟ್ಟೆ ಒಣಹಾಕಿ ಕಲಿತದ್ದು ಅದು. ಇಷ್ಟು ತಿಳಿದ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಮೂಕಿಯಾಗಿಬಿಟ್ಟರೆ ಏನು ಬಂದಂತಾಯಿತು ಹೇಳಿ.

ಕಥೋಲಿಕ ಶಾಲೆ ಅಂದರೆ ಇಂಗ್ಲಿಷ್ ಎಂದು ನಮ್ಮ ಕಡೆ ಎಲ್ಲರ ತಲೆಯಲ್ಲೂ ಕೂತಿದೆ. ಆದರೆ ನಮ್ಮ ಶಾಲೆಗಳ ಕಥೆ ಹಾಗೆ ಶುರುವಾದದ್ದಲ್ಲ. 17ನೇ ಶತಮಾನದ ಫ್ರಾನ್ಸಿನಲ್ಲಿ ಮಕ್ಕಳಿಗೆ ಮೊದಲು ಲ್ಯಾಟಿನ್ ಓದಲು ಕಲಿಸುತ್ತಿದ್ದರು. ಅದು ಓದಿದವರ ಭಾಷೆ, ದೊಡ್ಡವರ ಭಾಷೆ. 1680ರ ಸುಮಾರಿಗೆ ಬಡಮಕ್ಕಳಿಗಾಗಿ ಶಾಲೆ ನಡೆಸತೊಡಗಿದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಇದನ್ನು ತಿರುವುಮುರುವು ಮಾಡಿದರು. ಮೊದಲು ಮನೆಮಾತು ಫ್ರೆಂಚ್ ಎಂದರು. ಬಡವರ ಮಕ್ಕಳು ಶಾಲೆಗೆ ಬರುವುದೇ ಸ್ವಲ್ಪ ಕಾಲ, ಅಷ್ಟರಲ್ಲಿ ಲ್ಯಾಟಿನ್ನೂ ಪೂರ್ತಿ ಹತ್ತುವುದಿಲ್ಲ, ತಮ್ಮ ಭಾಷೆಯೂ ಬರುವುದಿಲ್ಲ ಅನ್ನುವುದು ಅವರ ವಾದ. ಹತ್ತಿ ಬಿಡಿಸುವ ಕಾಲಕ್ಕೆ, ಗುಳೆ ಹೋಗುವ ಕಾಲಕ್ಕೆ ಶಾಲೆ ತಪ್ಪಿಸುವ ಮಕ್ಕಳ ಹಾಜರಿ ಪುಸ್ತಕ ನೋಡುವಾಗೆಲ್ಲ ನನಗೆ ಈ ವಾದ ನೆನಪಾಗುತ್ತದೆ. ಇನ್ನೂ ಹತ್ತಿರದ ಮಾತು ಅಂದರೆ, 1962ರಿಂದ 1965ರವರೆಗೆ ನಡೆದ, ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ನಮ್ಮ ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯೇ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ದೇವರ ಮುಂದೆ ಕನ್ನಡ ನಡೆಯುತ್ತದೆ, ಲೆಕ್ಕದ ಪಾಠಕ್ಕೆ ನಡೆಯಲ್ವಾ?

ಇಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ. ಅವರಿಗೆ ಕನ್ನಡವೂ ಶಾಲೆಯಲ್ಲೇ ಕಲಿಯಬೇಕಾದ ಭಾಷೆ. ತೆಲುಗು, ಉರ್ದು ಬರುವ ಟೀಚರ್‌ಗಳನ್ನು ಒಂದು, ಎರಡನೇ ತರಗತಿಗೆ ಹಾಕಿದ್ದೇವೆ. ಲಂಬಾಣಿ ಬರುವವರು ನಮ್ಮಲ್ಲಿ ಯಾರೂ ಇಲ್ಲ. ತಾಂಡಾದ ತಾಯಂದಿರು ಯಾರಾದರೂ ವಾರಕ್ಕೊಂದು ದಿನ ಬಂದು ಮಕ್ಕಳಿಗೆ ಕಥೆ ಹೇಳುವುದಾದರೆ ದೊಡ್ಡ ಉಪಕಾರ.

‘ಕನ್ನಡ ಮಾತಾಡಿದರೆ ದಂಡ ಹಾಕಿ ಸಿಸ್ಟರ್, ಆಗ ಇಂಗ್ಲಿಷ್ ಬರುತ್ತೆ’ ಎಂದು ಕೆಲವರು ಸಲಹೆ ಕೊಟ್ಟಿದ್ದೀರಿ. ಹಾಕುವುದಿಲ್ಲ. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಕಲಿಯುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಯುತ್ತದೆ.

ಇನ್ನು ಬೆತ್ತ. “ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಿಸ್ಟರ್” ಎಂದು ಅಪ್ಪಂದಿರು ಅಡ್ಮಿಶನ್ ದಿನವೇ ಹೇಳಿ ಹೋಗುತ್ತಾರೆ. ನಂಬಿಕೆಯಿಂದ ಹೇಳುವ ಮಾತು, ಗೊತ್ತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾನೂನು ತಿಳಿದ ಪೋಷಕರೊಬ್ಬರು, ‘ಸುಪ್ರೀಂ ಕೋರ್ಟಿನ 2014ರ ಇನ್ನೊಂದು ತೀರ್ಪಿನ ಪ್ರಕಾರ ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸೋದೇ ಇಲ್ಲವಲ್ಲ’ ಎಂದರು. ನಿಜ. ಆದರೆ ಸಂವಿಧಾನದ 30ನೇ ವಿಧಿ ನಮಗೆ ಕೊಟ್ಟಿರುವುದು ಶಾಲೆ ನಡೆಸುವ ಹಕ್ಕು, ಮಕ್ಕಳನ್ನು ಬಡಿಯುವ ಹಕ್ಕಲ್ಲ. ಇಟಲಿಯ ಸಂತ ಜಾನ್ ಬೋಸ್ಕೊ ಬೀದಿ ಹುಡುಗರನ್ನು ಕೂಡಿಸಿಕೊಂಡು ಕಲಿಸಿದವರು, ಆ ಹುಡುಗರು ಅಂಥಿಂಥ ತುಂಟರಲ್ಲ. 1877ರಲ್ಲಿ ತಮ್ಮ ಪದ್ಧತಿಯನ್ನು ಬರೆದಿಟ್ಟಾಗ ಅವರು ಅದನ್ನು ನಿಲ್ಲಿಸಿದ್ದು ವಿವೇಕ, ಧರ್ಮ, ಪ್ರೀತಿ ಈ ಮೂರರ ಮೇಲೆ. ತಪ್ಪು ಮಾಡಿದ ಮೇಲೆ ಶಿಕ್ಷಿಸುವುದಕ್ಕಿಂತ, ತಪ್ಪಾಗದ ಹಾಗೆ ಜೊತೆಗಿದ್ದು ನೋಡಿಕೊಳ್ಳಿ ಅನ್ನುವುದು ಅದರ ತಿರುಳು. ಕೆಲಸ ಜಾಸ್ತಿ, ಒಪ್ಪುತ್ತೇನೆ. ಬೆತ್ತ ಸುಲಭ.

ರ್‍ಯಾಂಕ್ ವಿಷಯಕ್ಕೆ ನಮ್ಮ ಟೀಚರ್‌ಗಳಲ್ಲೇ ಒಮ್ಮತ ಇಲ್ಲ. ಏಳನೇ ತರಗತಿವರೆಗೆ ರ್‍ಯಾಂಕ್ ಪಟ್ಟಿ ಹಚ್ಚುವುದಿಲ್ಲ. ಅಂಕ ಗುಟ್ಟೇನಲ್ಲ, ನಿಮ್ಮ ಮಗುವಿನದು ನಿಮಗೆ ತೋರಿಸುತ್ತೇವೆ, ಪಕ್ಕದ ಮನೆಯವರದು ಕೇಳಬೇಡಿ. ಪೈಪೋಟಿ ಕೂಡ ನಮ್ಮ ಪರಂಪರೆಯಲ್ಲೇ ಇದ್ದದ್ದು. ಜೆಸ್ಯುಟ್ ಎಂಬ ಕಥೋಲಿಕ ಸನ್ಯಾಸಿ ಸಭೆಯ ಗುರುಗಳು 1599ರಲ್ಲಿ ಹೊರತಂದ ಶಿಕ್ಷಣ ಕ್ರಮದಲ್ಲಿ ಹುಡುಗರಿಗೆ ಎದುರಾಳಿ ಗೊತ್ತುಮಾಡುವುದು, ಬಹುಮಾನ ಕೊಡುವುದು ಎಲ್ಲ ಇತ್ತು. ಆದರೆ ಅದೇ ಜೆಸ್ಯುಟ್ ಸಭೆಯ ಮುಖ್ಯಸ್ಥ ಪೆದ್ರೊ ಅರುಪೆ 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಹಳೆ ವಿದ್ಯಾರ್ಥಿಗಳ ಮುಂದೆ ನಿಂತು, ನ್ಯಾಯಕ್ಕಾಗಿ ಬಾಳುವುದನ್ನು ನಿಮಗೆ ನಾವು ಕಲಿಸಿದ್ದೇವೆಯೇ ಎಂದು ತಾವೇ ಕೇಳಿ, ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಇತರರಿಗಾಗಿ ಬದುಕುವವರನ್ನು ತಯಾರು ಮಾಡುವುದೇ ನಮ್ಮ ಶಾಲೆಗಳ ಕೆಲಸ ಎಂದರು. ಕೇಳಿದ ಕೆಲವರಿಗೆ ಸಿಟ್ಟೂ ಬಂತು. ನಿಮಗೂ ಬರಬಹುದು. ರ್‍ಯಾಂಕ್ ಇಲ್ಲದಿದ್ದರೆ ಮಗು ಓದುವುದಿಲ್ಲ ಅನ್ನುವವರು ಒಂದು ವರ್ಷ ತಡೆಯಿರಿ, ಆಮೇಲೆ ಬಂದು ಜಗಳ ಮಾಡಿ.

ಪ್ರಾರ್ಥನೆ ವೇಳೆ ಸಂವಿಧಾನದ ಪೀಠಿಕೆ ಓದುವುದು ಮುಂದುವರಿಯುತ್ತದೆ. ರಾಜ್ಯ ಸರ್ಕಾರ 2023ರಲ್ಲೇ ಹೇಳಿತ್ತು, 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿಯೂ ತನ್ನ ಶಾಲೆಗಳಿಗೆ ಅದನ್ನೇ ಸೂಚಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬಾರದು ಎನ್ನುವ ಮಾತೂ ಮಂಡಳಿಯ ಆ ಸೂಚನೆಯಲ್ಲಿದೆ. ನಿಮ್ಮ ಮಗು ಶಿಲುಬೆ ಗುರುತು ಹಾಕಬೇಕಾಗಿಲ್ಲ. ಒಂದನೇ ತರಗತಿಯವರು ‘ಸಾರ್ವಭೌಮ’ ಹತ್ತಿರ ಬಂದು ದಿನಾ ಎಡವುತ್ತಾರೆ, ನಗಬೇಡಿ, ಮನೆಯಲ್ಲಿ ಒಮ್ಮೆ ಹೇಳಿಸಿ.

ಮುಂದೆ ಕಾಲೇಜಿಗೆ ಹೋದಾಗ ಗತಿ ಏನು ಎಂದು ಹೆಚ್ಚಿನವರ ಚಿಂತೆ. ನಮ್ಮ ಕಥೋಲಿಕ ಕಾಲೇಜುಗಳನ್ನೇ ನೋಡಿ. ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಶುರುವಾದವು. ಇವತ್ತು ಮೊದಲನೆಯದು ಡೀಮ್ಡ್ ವಿಶ್ವವಿದ್ಯಾಲಯ, ಎರಡನೆಯದು ವಿಶ್ವವಿದ್ಯಾಲಯ. ಅಂಥಲ್ಲಿ ಪಾಠ ಇಂಗ್ಲಿಷಿನಲ್ಲೇ, ಅದು ನಮಗೂ ಗೊತ್ತು. ಆದ್ದರಿಂದ ಆರನೇ ತರಗತಿಯಿಂದ ಇಂಗ್ಲಿಷ್ ಪಾಲು ಹೆಚ್ಚುತ್ತಾ ಹೋಗುತ್ತದೆ. ಎಂಟನೆಯದಕ್ಕೆ ಬರುವಾಗ ಪಾಠವೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ಅಷ್ಟರಲ್ಲಿ ವಿಷಯ ತಲೆಯಲ್ಲಿ ಗಟ್ಟಿ ಕೂತಿರಬೇಕು, ಅಷ್ಟೇ.

ಇದನ್ನೆಲ್ಲ ಮಾತಾಡಲು ಜುಲೈ ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ಪೋಷಕರ ಸಭೆ ಇದೆ. ಬಿತ್ತನೆ ಕೆಲಸ ಇರುವವರು ಆ ವಾರದಲ್ಲಿ ಯಾವ ದಿನ ಬೇಕಾದರೂ ಶಾಲೆ ಬಿಟ್ಟ ಮೇಲೆ ಬನ್ನಿ. ಅಪ್ಪ ಅಮ್ಮ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದರೆ ಅಜ್ಜಿಯೋ ಅಜ್ಜನೋ ಬರಬಹುದು. ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕು. ಫೀ ಬಗ್ಗೆ ಆ ದಿನ ಮಾತು ಬೇಡ, ಅದಕ್ಕೆ ಆಫೀಸಿನಲ್ಲಿ ಕೇಳಿ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ