ಪುಟ್ಟಿಗೆ ಒಂಬತ್ತು ತಿಂಗಳಾಗುವುದರೊಳಗೆ

ವ್ಯಾಂಕೂವರ್
ಫೆಬ್ರವರಿ 8

ಪ್ರೀತಿಯ ಅಮ್ಮಾ,

ನಿನಗೂ ಅಪ್ಪನಿಗೂ ನಮಸ್ಕಾರ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಪುಟ್ಟಿಗೆ ಮೊನ್ನೆ ಆರು ತಿಂಗಳು ತುಂಬಿತು. ನೀನು ಕಳಿಸಿದ ಹಿಟ್ಟಿನಲ್ಲಿ ರಾಗಿ ಸರಿ ಶುರು ಮಾಡಿದ್ದೇನೆ. ಮೊದಲ ದಿನ ಅರ್ಧಕ್ಕರ್ಧ ಉಗುಳಿದಳು, ಈಗ ಬಟ್ಟಲು ಕಂಡರೆ ಬಾಯಿ ತೆರೆದುಕೊಂಡು ಕಾಯುತ್ತಾಳೆ.

ಹೋದ ವಾರ ಫೋನಿನಲ್ಲಿ ನೀನು, "ಅವಳಿಗೆ ಮಾತು ಬಂದ ಮೇಲೆ ಬರ್ತೀನಿ ಬಿಡೇ, ಈಗ ಬಂದು ಏನು ಮಾತಾಡ್ಲಿ, ಆ ಕೂಸಿಗೇನು ಅರ್ಥ ಆಗುತ್ತೆ" ಅಂದೆ. ಆಗ ನಾನು ಸುಮ್ಮನಾದೆ. ಆಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನಾಲ್ಕು ವರ್ಷ ಓದಿದ ನಾನು ನಿನಗೆ ಇದೊಂದನ್ನು ಬಿಡಿಸಿ ಹೇಳದೆ ಹೋದರೆ ಹೇಗೆ ಅನ್ನಿಸಿ ಬರೆಯಲು ಕೂತಿದ್ದೇನೆ. ಅಪ್ಪನಿಗೂ ಓದಿ ಹೇಳು.

ನಿನ್ನ ಅಳಿಯ ಕನ್ನಡ ಕಲಿಯಬೇಕೆಂದು ಮನಸಾರೆ ಹೊರಟಿದ್ದಾನೆ, ನಿನಗೆ ಗೊತ್ತು. ಭಾನುವಾರ ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ 'ಹತ್ತಿ', 'ಹಟ್ಟಿ' ಎಂದು ಹಿಂದುಮುಂದಾಗಿ ಇಪ್ಪತ್ತು ಸಲ ಹೇಳಿದೆ. ಯಾವುದು ಯಾವುದೆಂದು ಅವನು ಹೇಳಬೇಕು. ಹನ್ನೊಂದು ಸರಿ, ಒಂಬತ್ತು ತಪ್ಪು. ಕಣ್ಣು ಮುಚ್ಚಿ ಊಹೆ ಮಾಡಿದರೂ ಅಷ್ಟೇ ಬರುತ್ತಿತ್ತು. ಅವನಿಗೆ ನಿಜಕ್ಕೂ ಬೇಜಾರಾಯಿತು. "ಎರಡೂ ಒಂದೇ ಥರ ಕೇಳಿಸ್ತಿದೆ" ಅಂದ.

ಅವನ ಕಿವಿಯಲ್ಲಿ ದೋಷವಿಲ್ಲ. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆಯಲ್ಲ, ಅದು ಬಂದ ಸದ್ದನ್ನು ಏರುಸ್ವರ, ಇಳಿಸ್ವರವೆಂದು ಬಿಡಿಸಿ ನರಕ್ಕೆ ದಾಟಿಸುತ್ತದೆ. ಅಲ್ಲಿಯವರೆಗೆ ನಿನ್ನ ಕಿವಿಯೂ ಅವನ ಕಿವಿಯೂ ಒಂದೇ. ಬೇರೆಯಾಗುವುದು ಅದರಾಚೆ, ಕಿವಿಯ ಮೇಲ್ಗಡೆ ತಲೆಬುರುಡೆಯೊಳಗಿರುವ ಮಿದುಳಿನ ಭಾಗದಲ್ಲಿ. 'ತ' ಅನ್ನುವಾಗ ನಮ್ಮ ನಾಲಿಗೆ ಹಲ್ಲಿಗೆ ತಾಗುತ್ತದೆ, 'ಟ' ಅನ್ನುವಾಗ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಇಂಗ್ಲಿಷಿನವರ 'ಟಿ' ಇವೆರಡರ ನಡುವಿನ ವಸಡಿನ ಉಬ್ಬಿನಲ್ಲಿ ಹುಟ್ಟುತ್ತದೆ. ಅವರ ಭಾಷೆಗೆ ಅದೊಂದೇ ಸಾಕು. ಹಾಗಾಗಿ ಅವರ ಮಿದುಳು ನಮ್ಮ ಎರಡು ಸದ್ದನ್ನೂ ಒಂದೇ ಗೂಡಿಗೆ ಹಾಕಿಬಿಡುತ್ತದೆ. ಎರಡರ ನಡುವಿನ ಗುರುತು ಉಳಿಯುವುದಾದರೂ ಎಷ್ಟು ಹೊತ್ತು? ರೆಪ್ಪೆ ಬಡಿಯುವಷ್ಟೂ ಇಲ್ಲ. ಆ ಚೂರನ್ನು ಹಿಡಿಯಲು ಮಿದುಳು ಪಳಗಿರಬೇಕು.

ಅಪ್ಪ ಅಟ್ಟ ಹತ್ತಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರಲ್ಲ, ಅದನ್ನು ನೆನೆಸಿಕೋ. ಕೊಬ್ಬರಿಯಾಗಿದೆಯೋ, ಇನ್ನೂ ನೀರು ಇಂಗಬೇಕೋ ಎಂದು ಸದ್ದಿನಲ್ಲೇ ಹೇಳಿಬಿಡುತ್ತಾರೆ. ನಾನೂ ಚಿಕ್ಕವಳಿದ್ದಾಗ ಎಷ್ಟೋ ಸಲ ಅಲ್ಲಾಡಿಸಿದ್ದೇನೆ. ನನಗೆ ಎಲ್ಲ ಕಾಯಿಯೂ ಒಂದೇ ಕೇಳಿಸುತ್ತಿತ್ತು.

ಪುಟ್ಟಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಈಗ ಎರಡೂ ಬೇರೆಬೇರೆಯಾಗಿಯೇ ಕೇಳಿಸುತ್ತಿರಬೇಕು. ಇದು ತಾಯಿಯ ಹೆಮ್ಮೆಯ ಮಾತಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಇಬ್ಬರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೈಸೂರಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಇಂಗ್ಲಿಷ್ ಮನೆಗಳ ಕೂಸುಗಳನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಹಿಂದಿಯ 'ತ' ಮತ್ತು 'ಟ'ವನ್ನು ಕೇಳಿಸಿದರು. ನಮ್ಮವೇ ಎರಡು ಅಕ್ಷರ. ಒಂದೇ ಸದ್ದು ಬರುತ್ತಾ ಬರುತ್ತಾ ಇನ್ನೊಂದಕ್ಕೆ ಬದಲಾಗುತ್ತದೆ. ಬದಲಾದದ್ದು ಗೊತ್ತಾಗಿ ಮಗು ಕತ್ತು ತಿರುಗಿಸಿದರೆ ಪಕ್ಕದ ಕಪ್ಪು ಪೆಟ್ಟಿಗೆಯಲ್ಲಿ ದೀಪ ಹತ್ತಿ ಆಟದ ಗೊಂಬೆ ಕುಣಿಯುತ್ತದೆ. ಮಗುವನ್ನು ಕೇಳುವ ಬಗೆ ಅದು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುತೇಕ ಎಲ್ಲವೂ ತಿರುಗಿ ನೋಡಿದವು. ಹತ್ತು, ಹನ್ನೆರಡು ತಿಂಗಳಿನವುಗಳಲ್ಲಿ ತಿರುಗಿದ್ದು ಕೆಲವು ಮಾತ್ರ. ಹಿಂದಿ ಮಾತಾಡುವ ಮನೆಯ ಮಕ್ಕಳಿಗೋ, ಆ ವಯಸ್ಸಿನಲ್ಲೂ ಸಲೀಸಾಗಿ ಗೊತ್ತಾಗುತ್ತಿತ್ತು.

ಅದೇ ಅಧ್ಯಯನದಲ್ಲಿ ಈ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಥಾಂಪ್ಸನ್ ಎಂಬ ಭಾಷೆಯ ಎರಡು ಸದ್ದುಗಳನ್ನೂ ಕೇಳಿಸಿದ್ದರು. ಗಂಟಲಾಳದಿಂದ ಬರುವ, 'ಕ'ಕ್ಕೆ ಹತ್ತಿರದ ಸದ್ದುಗಳು. ಅಲ್ಲೂ ಹೀಗೇ ಆಯಿತು. ಇದೇ ಮಣ್ಣಿನ ಮಾತು, ಇದೇ ಮಣ್ಣಿನಲ್ಲಿ ಹುಟ್ಟಿದ ಕೂಸುಗಳ ಕಿವಿಯಿಂದ ವರ್ಷ ತುಂಬುವುದರೊಳಗೆ ಜಾರಿಹೋಗುತ್ತದೆ. ಆ ಭಾಷೆ ಬಲ್ಲ ಹಿರಿಯರು ಈಗ ಬಹಳ ಕಡಿಮೆ. ಓದುವಾಗ ಇದು ನನ್ನನ್ನು ತಟ್ಟಿರಲಿಲ್ಲ ಅಮ್ಮ. ಇಲ್ಲಿಗೆ ಬಂದ ಮೇಲೆ ತಟ್ಟಿತು.

ಮಿದುಳಿನ ತಪ್ಪಲ್ಲ ಇದು, ಅದರ ಕೆಲಸವೇ ಹಾಗೆ. ನಾವು ಮಾತಾಡುವಾಗ ಪದಪದದ ನಡುವೆ ನಿಲ್ಲಿಸುವುದಿಲ್ಲ, ಹೊಳೆ ಹರಿದ ಹಾಗೆ ಹರಿಸುತ್ತೇವೆ. ಆ ಹರಿವಿನಲ್ಲಿ ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಕೂಸು ಹುಡುಕಬೇಕು. 1996ರಲ್ಲಿ ಜೆನ್ನಿ ಸಫ್ರಾನ್ ಮತ್ತು ಜೊತೆಯವರು ಎಂಟು ತಿಂಗಳ ಮಕ್ಕಳಿಗೆ ಅರ್ಥವಿಲ್ಲದ ಉಚ್ಚಾರಗಳನ್ನು ತಡೆಯಿಲ್ಲದೆ ಎರಡೇ ನಿಮಿಷ ಕೇಳಿಸಿದರು. ಯಾವ ಉಚ್ಚಾರದ ಹಿಂದೆ ಯಾವುದು ಮತ್ತೆ ಮತ್ತೆ ಬರುತ್ತದೆ ಎಂಬ ಲೆಕ್ಕ ಆ ಮಕ್ಕಳಿಗೆ ಅಷ್ಟರಲ್ಲೇ ಸಿಕ್ಕಿತ್ತು. ಎಣಿಸಲು ಬಾರದ ಕೂಸು ಇಷ್ಟೆಲ್ಲ ಎಣಿಸುತ್ತದೆ. ಮನೆಯ ಮಾತನ್ನು ಬೇಗ ಹಿಡಿಯಬೇಕಾದರೆ ಅದಕ್ಕೆ ಬೇಡದ ವ್ಯತ್ಯಾಸಗಳನ್ನು ಕೈಬಿಡಬೇಕು. ಪುಟ್ಟಿಯ ಮಿದುಳು ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಎಂದು ಈಗ ತೂಗುತ್ತಿದೆ. ಆ ತಕ್ಕಡಿಯಲ್ಲಿ ಕನ್ನಡದ ಕಡೆಗೆ ಇರುವುದು ನನ್ನದೊಂದೇ ಗಂಟಲು. ನಿನ್ನ ಗಂಟಲು ಬೇರೆ, ಅಪ್ಪನದು ಬೇರೆ. ನಾವು ಮೂವರೂ 'ಟ' ಅಂದಾಗ ಹೊರಡುವ ಸದ್ದು ಒಂದೇ ಅಲ್ಲ. ಆದರೂ ಅದು 'ಟ'ವೇ ಎಂದು ತಿಳಿಯಲು ಅವಳಿಗೆ ಹಲವರ ಬಾಯಿ ಬೇಕು.

ನೀನು ಒಂದನೇ ಕ್ಲಾಸಿನ ಮಕ್ಕಳಿಗೆ 'ಟಠಡಢಣ' ಹೇಳಿಸುವಾಗ "ನಾಲಿಗೆ ಎಲ್ಲಿ ತಾಗ್ತಿದೆ ನೋಡ್ಕೊಳ್ರೋ" ಅನ್ನುತ್ತಿದ್ದೆಯಲ್ಲ, ಅದರ ನೆನಪಾಗುತ್ತಿರುತ್ತದೆ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಮಾ ಮೆಸ್ಗರಾನಿ, ಎಡ್ವರ್ಡ್ ಚಾಂಗ್ ಮತ್ತು ಜೊತೆಗಾರರು, ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಮೇಲೆ ಅದರ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಇರಿಸಿಕೊಂಡಿದ್ದ ರೋಗಿಗಳಿಗೆ ಮಾತು ಕೇಳಿಸಿ ನೋಡಿದರು. ಒಂದೊಂದು ಅಕ್ಷರಕ್ಕೆ ಒಂದೊಂದು ಜಾಗ ಇರಲಿಲ್ಲ. ಒಂದು ಕಡೆ ಪ, ಟ, ಕ ಥರ ಉಸಿರನ್ನು ತಡೆದು ಬಿಡುವ ಸದ್ದುಗಳಿಗೆಲ್ಲ ಸ್ಪಂದನೆ, ಇನ್ನೊಂದು ಕಡೆ ಸ, ಶ ಥರದವಕ್ಕೆ, ಮತ್ತೊಂದು ಕಡೆ ಮೂಗಿನಿಂದ ಬರುವ ಮ, ನ ಥರದವಕ್ಕೆ. ನೀನು ಕಪ್ಪುಹಲಗೆಯ ಮೇಲೆ ವರ್ಗ, ಅನುನಾಸಿಕ, ಊಷ್ಮ ಎಂದು ಬೇರೆಬೇರೆ ಬರೆಯುತ್ತಿದ್ದೆ. ಈ ಅಧ್ಯಯನವನ್ನು ಓದಿದ ದಿನ ನಿನಗೆ ಫೋನ್ ಮಾಡಬೇಕು ಅನ್ನಿಸಿತ್ತು. ನಿನಗಾಗ ಸರಿರಾತ್ರಿ.

"ದಿನಾ ವಿಡಿಯೊ ಕಾಲ್‌ನಲ್ಲಿ ಮಾತಾಡ್ತೀನಲ್ಲ, ಸಾಲದಾ" ಅಂತ ನೀನು ಕೇಳುತ್ತೀಯ. ಇಲ್ಲಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ ಸಿಯಾಟಲ್. ಅಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಯವರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಮುಂದೆ ಚೀನಿಯರನ್ನು ಕೂರಿಸಿ ಮ್ಯಾಂಡರಿನ್‌ನಲ್ಲಿ ಪುಸ್ತಕ ಓದಿಸಿದರು, ಆಟ ಆಡಿಸಿದರು. ಒಟ್ಟು ಹನ್ನೆರಡು ಸಲ, ಸಲಕ್ಕೆ ಇಪ್ಪತ್ತೈದು ನಿಮಿಷ. ಅಷ್ಟಕ್ಕೇ ಆ ಕೂಸುಗಳು ಮ್ಯಾಂಡರಿನ್ ಸದ್ದುಗಳನ್ನು ತೈವಾನಿನ ಮಕ್ಕಳಷ್ಟೇ ಚೆನ್ನಾಗಿ ಗುರುತಿಸಿದವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಕೂಸುಗಳು ಕಣ್ಣು ಬಿಟ್ಟು ನೋಡಿದವು, ಕಲಿಯಲಿಲ್ಲ. 2003ರಲ್ಲಿ ಪ್ರಕಟವಾದದ್ದು ಇದು. ಆ ಟಿವಿ ಕೂಸಿನ ನಗುವಿಗೆ ತಿರುಗಿ ನಗುತ್ತಿರಲಿಲ್ಲ, ನೀನು ನಗುತ್ತೀಯ, ಅದಕ್ಕೇ ನಮ್ಮ ಫೋನನ್ನು ವ್ಯರ್ಥ ಅನ್ನಲಾರೆ. ಆದರೂ ನೀನು "ಯಾರವ್ವಾ ಅದು" ಅಂದು ಅವಳಿಗೆ ಅದು ತಲುಪುವಷ್ಟರಲ್ಲಿ ಅವಳು ಮುಖ ತಿರುಗಿಸಿಕೊಂಡಿರುತ್ತಾಳೆ. ನೀನು ಅವಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀವುತ್ತಾ ಮಾತಾಡುವುದಕ್ಕೂ ಇದಕ್ಕೂ ಎಲ್ಲಿಯ ಸಾಟಿ?

ಎರಡು ಭಾಷೆ ಬೆರೆತರೆ ಮಾತು ತಡವಾಗುತ್ತೆ ಅಂತ ಯಾರೋ ನಿನ್ನ ಹತ್ತಿರ ಅಂದರಂತೆ. ಆ ಹೆದರಿಕೆ ಬೇಡ. ಈ ವ್ಯಾಂಕೂವರಿನಲ್ಲೇ, ಬಸಿರಿನಲ್ಲಿ ಇಂಗ್ಲಿಷ್ ಮತ್ತು ಫಿಲಿಪೀನ್ಸಿನ ತಗಾಲೊಗ್ ಎರಡನ್ನೂ ಮಾತಾಡುತ್ತಿದ್ದ ತಾಯಂದಿರ ಹಸುಗೂಸುಗಳನ್ನು ಪರೀಕ್ಷಿಸಿದ್ದಾರೆ. ಹುಟ್ಟಿದ ಆ ಕೆಲವೇ ದಿನಗಳಲ್ಲಿ ಎರಡರ ಮೇಲೂ ಅವಕ್ಕೆ ಒಲವು, ಎರಡೂ ಬೇರೆ ಎಂಬ ಅರಿವೂ ಇತ್ತು.

ಕಾಲ ಮೀರಿದರೆ ಎಲ್ಲ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ದೊಡ್ಡವರಾದ ಮೇಲೂ ಅಭ್ಯಾಸದಿಂದ ಬರುತ್ತದೆ, ನಿನ್ನ ಅಳಿಯನಿಗೂ ಬರಿಸುತ್ತೇನೆ. ಆದರೆ ಅವನು ಬೆವರು ಸುರಿಸಿ ಕಲಿಯಬೇಕಾದದ್ದು ಅವಳಿಗೆ ನಿನ್ನ ಮಡಿಲಲ್ಲಿ ಸುಮ್ಮನೆ ಸಿಗುತ್ತದೆ. ಅವನು ಅಪ್ಪನನ್ನು 'ತಾತ' ಎಂದು ಪುಟ್ಟಿಗೆ ತೋರಿಸಲು ಹೋದಾಗಲೆಲ್ಲ 'ಟಾಟಾ' ಎಂದೇ ಬಾಯಿಗೆ ಬರುತ್ತದೆ. ಮೊನ್ನೆ ಅಪ್ಪ ಅದನ್ನು ಕೇಳಿ, ಹೊರಡು ಅಂತಿದ್ದಾರೆ ಅಂದುಕೊಂಡು ಕೈ ಬೀಸಿ ಫೋನಿನ ಮುಂದಿನಿಂದ ಎದ್ದುಹೋದರಲ್ಲ, ಆ ಖಾಲಿ ಕುರ್ಚಿ ನನ್ನ ಕಣ್ಣಿಂದ ಹೋಗಿಲ್ಲ.

ಮೇ ತಿಂಗಳಿಗೆ ಅವಳಿಗೆ ಒಂಬತ್ತು ತುಂಬುತ್ತದೆ. ಅದರೊಳಗೆ ಬಾ ಅಮ್ಮ. ಕೊಬ್ಬರಿ ಸುಲಿಸಿ ಎಪಿಎಂಸಿಗೆ ಹಾಕುವವರೆಗೆ ಅಪ್ಪನನ್ನು ಒಬ್ಬರನ್ನೇ ಬಿಡಲಾರೆ ಅನ್ನುತ್ತೀಯ. ಈ ಸಲ ಚಿಕ್ಕಪ್ಪ ನೋಡಿಕೊಳ್ಳುತ್ತಾರಂತೆ, ನಾನೇ ಕೇಳಿದ್ದೇನೆ. ಹಾಗಾಗಿ ಇಬ್ಬರೂ ಬನ್ನಿ. ವೀಸಾಕ್ಕೆ ಬೇಕಾದ ಕಾಗದಗಳನ್ನು ನಾನು ಇಲ್ಲಿಂದ ಕಳಿಸುತ್ತೇನೆ, ನೀವು ಒಂದು ದಿನ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರೆ ಆಯಿತು. ಪಾಸ್‌ಪೋರ್ಟ್ ಬೀರುವಿನಲ್ಲಿ ನನ್ನ ಮದುವೆ ಸೀರೆಯ ಕೆಳಗಿದೆ.

ಬರುವವರೆಗೆ ಒಂದು ಕೆಲಸ ಮಾಡು. ಫೋನಿನಲ್ಲಿ ಅವಳು 'ಅಬ್ಬಬ್ಬ' ಅಂದಾಗ ನೀನೂ ಅದನ್ನೇ ತಿರುಗಿ ಹೇಳು, ಅವಳ ಸರದಿಗೆ ಕಾಯಿ, ಆಮೇಲೆ ಮುಂದಕ್ಕೆ ಹೇಳು. ನಮ್ಮೊಡನೆ ಮಾತಾಡುವ ಹಾಗೆ ಬೇಡ, ನಿನ್ನ ಆ ಎಳೆದೆಳೆದು ರಾಗವಾಗಿ ಹೇಳುವ ಧಾಟಿಯಲ್ಲೇ ಹೇಳು. ಕೂಸುಗಳು ಅದಕ್ಕೇ ಹೆಚ್ಚು ಕಿವಿಗೊಡುತ್ತವೆ. ಅಪ್ಪ ದೂರ ಕೂತು ಬರೀ ನಗುತ್ತಾರೆ. ಅವರನ್ನೂ ಎದುರಿಗೆ ಕೂರಿಸಿಕೋ.

ನಿಮ್ಮ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಇಲ್ಲಿ ಶನಿವಾರ ಸಂಜೆ ಆರೂವರೆಗೆ, ಫೋನ್ ಮಾಡುತ್ತೇನೆ. ಅವಳು ನಿದ್ದೆ ಮುಗಿಸಿ ಎದ್ದಿರುತ್ತಾಳೆ.

ನಿನ್ನ ಮಗಳು