ಹೊಸತೊಡಕಿನ ರಾತ್ರಿ ಕೀ ಕೊಟ್ಟವರಿಗೂ, ಕೀ ಕಾದವರಿಗೂ

ಯುಗಾದಿ ಮುಗಿದು, ಅದರ ಮಾರನೆ ದಿನದ ಬಾಡೂಟದ ಹಬ್ಬ ಹೊಸತೊಡಕೂ ಕಳೆದು ಮೂರು ದಿನವಾಯ್ತು. ಆ ರಾತ್ರಿ ನಮ್ಮೂರಿಂದ ಕುಡಿದವರು ಯಾರೂ ಗಾಡಿ ಓಡಿಸಿಕೊಂಡು ಹೊರಡಲಿಲ್ಲ. ಮಂಡ್ಯದ ಕಡೆ ಹೊಸತೊಡಕು ಹೇಗಿರುತ್ತೆ ಅಂತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ನಮಸ್ಕಾರ ಗುಡ್ಡೆಬಾಡಿನ ಚೀಟಿ (ಎಲ್ಲರೂ ದುಡ್ಡು ಕೂಡಿಸಿ, ಹಬ್ಬಕ್ಕೆ ಬಾಡು ತಂದು ಗುಡ್ಡೆ ಹಾಕಿ ಹಂಚಿಕೊಳ್ಳುವ ಚೀಟಿ) ನಡೆಸುವ ಅಣ್ಣಂದಿರಿಗೆ. ಚೀಟಿ ದುಡ್ಡಲ್ಲೇ ಆಟೋ ಬಾಡಿಗೆ ಎತ್ತಿಟ್ಟರು. ಹಬ್ಬದ ರಾತ್ರಿ ಹತ್ತರ ಮೇಲೆ ಆಟೋ ಹುಡುಕಿದರೆ ಎಲ್ಲಿ ಸಿಗುತ್ತೆ? ಆಟೋದವರ ಮನೆಯಲ್ಲೂ ಬಾಡೂಟವೇ. ಅದಕ್ಕೇ ಹದಿನೈದು ದಿನ ಮುಂಚೆ, ಕುಡಿಯದ ಇಬ್ಬರನ್ನೇ ಗೊತ್ತುಮಾಡಿ ಅರ್ಧ ಬಾಡಿಗೆ ಮುಂಗಡ ಕೊಟ್ಟದ್ದು. ಒಂದು ಸಲಕ್ಕೆ ಮೂವರೇ ಎಂದು ಕೊನೆಯ ಟ್ರಿಪ್ಪಿನವರೆಗೂ ಹಠ ಹಿಡಿದ ಆ ಇಬ್ಬರಿಗೂ ಥ್ಯಾಂಕ್ಸ್.

ಇನ್ನು ಕುಡಿಯುವವರ ಗಾಡಿ ಕೀಗಳನ್ನೆಲ್ಲ ಇಸ್ಕೊಂಡು ಹಾಕಿಟ್ಟ ಡಬ್ಬಿ ಕಾದ ಅಜ್ಜಿ. ಕೀ ಇಸ್ಕೊಳ್ಳುವುದು ಮೊದಲ ಲೋಟಕ್ಕೆ ಮುಂಚೆಯೇ ಆಗಬೇಕು. ಕುಡಿತ ಮೊದಲು ತಿನ್ನುವುದು ಅಂದಾಜು ಮಾಡುವ ಬುದ್ಧಿಯನ್ನು. ಕಾಲು ತಡವರಿಸುವುದು ಆಮೇಲೆ. 'ನಾನು ಸರಿಯಾಗೇ ಇದೀನಿ' ಅನ್ನುವವನು ಸುಳ್ಳು ಹೇಳುತ್ತಿರುವುದಿಲ್ಲ, ಅವನಿಗೆ ನಿಜವಾಗಿ ಹಾಗೇ ಅನ್ನಿಸುತ್ತಿರುತ್ತದೆ. ಪ್ರತಿ ಕೀಗೂ ಬ್ಯಾಂಡೇಜ್ ಟೇಪ್ ಸುತ್ತಿ ಗಾಡಿ ನಂಬರಿನ ಕೊನೆಯ ನಾಲ್ಕಂಕಿ ಬರೆದು, ಡಬ್ಬಿಯನ್ನು ಕುಡಿಯುವವರಿಲ್ಲದ ಮನೆಯಲ್ಲಿಟ್ಟದ್ದು ಕೆಲಸ ಮಾಡಿತು. ಅಳಿಯಂದಿರ ಹತ್ತಿರ ಕೀ ಕೇಳುವುದು ಕಷ್ಟದ ಕೆಲಸ, ಮರ್ಯಾದೆ ಪ್ರಶ್ನೆ ಬರುತ್ತೆ. ಅಜ್ಜಿ ಕೈಚಾಚಿದರೆ ಮಾತ್ರ ಯಾರೂ ಇಲ್ಲ ಅನ್ನಲಿಲ್ಲ.

ಎರಡು ತೂತು ಮಾತ್ರ ಉಳಿದಿದ್ದವು. ಬೈಕಿನ ಡೂಪ್ಲಿಕೇಟ್ ಕೀ ಮನೆಯ ಮೊಳೆಯಲ್ಲೇ ನೇತಾಡುತ್ತಿರುತ್ತೆ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡ ಅಕ್ಕಂದಿರಿಗೆ ಕೈ ಮುಗಿದೆವು. ಟ್ರ್ಯಾಕ್ಟರ್‌ಗಳದ್ದು ಇನ್ನೊಂದು ಕಥೆ, ಒಂದರ ಕೀ ಎಷ್ಟೋ ಸಲ ಇನ್ನೊಂದಕ್ಕೂ ಕೂರುತ್ತೆ. ಸ್ಪ್ಯಾನರ್ ಹಿಡಿದು ಬ್ಯಾಟರಿಯ ನೆಗೆಟಿವ್ ಕಡೆಯ ವೈರನ್ನೇ ಬಿಚ್ಚಿಟ್ಟ ಹುಡುಗರ ಬುದ್ಧಿಗೆ ಶಭಾಷ್.

ನಾಲೆ ಏರಿಯ ಮೇಲೆ ತಡೆಗೋಡೆ ಇಲ್ಲದ ಕಡೆ ಕಲ್ಲು ಅಡ್ಡ ಇಡೋಣ ಎಂದು ಮೊದಲು ಮಾತಾಗಿತ್ತು. ಕತ್ತಲಲ್ಲಿ ಆ ಕಲ್ಲಿಗೆ ಕುಡಿಯದವನೂ ಗುದ್ದುತ್ತಾನೆ. ಕಲ್ಲಿನ ಬದಲು ಹೊಳೆಯುವ ಜಾಕೆಟ್ ಹಾಕಿ, ಟಾರ್ಚ್ ಹಿಡಿದು ರಾತ್ರಿ ಎರಡು ಗಂಟೆವರೆಗೆ ನಿಂತ ನಾಲ್ವರಿಗೆ ಋಣಿ.

ಜಗಲಿ ತುಂಬ ಚಾಪೆ ಹಾಸಿ, ವಾಂತಿ ಮಾಡಿಕೊಂಡವರನ್ನು ಅಂಗಾತ ಬಿಡದೆ ಮಗ್ಗುಲಾಗಿ ಮಲಗಿಸಿದವರಿಗೂ ಹಾಗೇ. ಅಂಗಾತ ಮಲಗಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಕೂಗಿದರೂ, ಚಿವುಟಿದರೂ ಏಳದಿದ್ದರೆ 108.

ಎಲ್ಲರಿಗಿಂತ ದೊಡ್ಡ ಋಣ ಬೆಳಗಿನದು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. 70 ಕಿಲೋ ತೂಗುವ ಗಂಡಸಿಗೆ 60 ಮಿ.ಲೀ. ವಿಸ್ಕಿಯ ಒಂದೇ ಲಾರ್ಜ್ ಸುಮಾರು 40ಕ್ಕೆ ಏರಿಸಬಲ್ಲದು. 180 ಮಿ.ಲೀ.ನ ಒಂದು ಕ್ವಾರ್ಟರ್ ಹತ್ತಿರಹತ್ತಿರ 130ಕ್ಕೆ. ಇಳಿಯುವುದು ಗಂಟೆಗೆ ಹದಿನೈದರಷ್ಟು, ಅದೂ ಲಿವರಿನ ಲೆಕ್ಕದಲ್ಲಿ. ಮುದ್ದೆ, ಬಾಡು ಉಂಡರೆ ಏರುವುದು ನಿಧಾನವಾಗುತ್ತೆ, ಅಷ್ಟೆ. ನಿಂಬೆಹುಳಿ, ಮಜ್ಜಿಗೆ, ತಣ್ಣೀರು, ಕಾಫಿ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ರಾತ್ರಿ ಎಂಟಕ್ಕೆ ಶುರುಮಾಡಿ ಎರಡು ಕ್ವಾರ್ಟರ್ ಮುಗಿಸಿದವನಲ್ಲಿ ಬೆಳಿಗ್ಗೆ ಆರಕ್ಕೂ ನೂರರ ಆಸುಪಾಸು ಉಳಿದಿರುತ್ತೆ. ಆ ಹೊತ್ತಿಗೇ ಅವನು ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಡುವುದು! ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಅದಕ್ಕೇ ಮಧ್ಯಾಹ್ನ ಹನ್ನೆರಡು ಗಂಟೆಗೆ ಮುಂಚೆ ಡಬ್ಬಿ ತೆಗೆಯಲಿಲ್ಲ. ಬೈಸಿಕೊಂಡರೂ ತೆಗೆಯಲಿಲ್ಲ. ನೆರೆಮನೆಗಳ ಹಾಲನ್ನೂ ಸೇರಿಸಿ ಡೇರಿಗೆ ಹಾಕಿ, ಯಾರದು ಎಷ್ಟು ಲೀಟರ್ ಎಂದು ತಪ್ಪದೆ ಬರೆಸಿ ಬಂದ ಕಾಲೇಜು ಹುಡುಗಿಯರಿಬ್ಬರಿಗೆ ಮುಂದಿನ ವರ್ಷದ ಗುಡ್ಡೆಯಲ್ಲಿ ಒಂದು ಪಾಲು ಎತ್ತಿಡಬೇಕೆಂದು ಚೀಟಿಯವರನ್ನು ಕೇಳಿದ್ದೇವೆ.

ಡಬ್ಬಿಯಲ್ಲಿ ಇನ್ನೂ ಎರಡು ಕೀ ಇವೆ. ಟೇಪ್ ಕಿತ್ತುಹೋಗಿದೆ. ಒಂದರಲ್ಲಿ ಮಾದಪ್ಪನ ಬಿಲ್ಲೆ ಇದೆ. ಅಜ್ಜಿ ಮನೆಯಲ್ಲೇ ಇರುತ್ತಾರೆ, ಗಾಡಿ ನಂಬರ್ ಹೇಳಿ ತಗೊಂಡು ಹೋಗಿ.